ದೂರದ ವಿಮಾನ: ಕಾಲಿನ ಕಡೆಗೂ ಗಮನವಿರಲಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದ ದಂಪತಿ ಕಳೆದ ತಿಂಗಳು ನನ್ನಲ್ಲಿಗೆ ಬಂದಿದ್ದರು. ಇಬ್ಬರಿಗೂ ಅರವತ್ತೈದು ದಾಟಿದೆ. ಬಿ.ಪಿ. ಮಾತ್ರೆಯಿಂದ ಚಟ್ನಿಪುಡಿಯವರೆಗೆ ಎಲ್ಲಕ್ಕೂ ಪಟ್ಟಿ ಸಿದ್ಧವಿತ್ತು. ಏಳುವ ಹೊತ್ತಿಗೆ ಆಕೆ, "ಮಂಡಿ ಆಪರೇಷನ್ ಆದಾಗ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದು ಹಳೇ ಕಥೆ ಬಿಡಿ ಡಾಕ್ಟ್ರೇ" ಎಂದರು. ಇಬ್ಬರನ್ನೂ ಮತ್ತೆ ಕೂರಿಸಿದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14 ಸಾವಿರ ಕಿಲೋಮೀಟರ್. 2021ರ ಜನವರಿಯಲ್ಲಿ ಅಲ್ಲಿಂದ ಇಲ್ಲಿಗೆ ಬಂದ ಮೊದಲ ನೇರ ವಿಮಾನಕ್ಕೆ ಹಿಡಿದದ್ದು ಸುಮಾರು 17 ಗಂಟೆ. ನಡುವೆ ಇಳಿದು ಬೇರೆ ವಿಮಾನ ಹತ್ತಿದರೆ ಇಪ್ಪತ್ತು ಗಂಟೆಯೂ ಮೀರುತ್ತದೆ. ಬೇಸರವೇನೋ ನಿಜ, ಆದರೆ ಇಳಿದು ಓಡಾಡಲು ಅದೊಂದು ಅವಕಾಶ.

ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ರಕ್ತವನ್ನು ಹೃದಯದತ್ತ ಮೇಲಕ್ಕೆ ತಳ್ಳುತ್ತದೆ. ಮಂಡಿ ಮಡಿಸಿ ಗಂಟೆಗಟ್ಟಲೆ ಕೂತರೆ ಆ ಪಂಪು ನಿಲ್ಲುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿದೆ. ಬಸ್ಸು, ರೈಲು, ಕಾರಿಗೂ ಈ ಮಾತು ಅನ್ವಯಿಸುತ್ತದೆ. ಹಾಗೆಂದು ಗಾಬರಿ ಬೇಡ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ.

ಹಿಂದೊಮ್ಮೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಮತ್ತು ಬಾಣಂತಿಯರು ಮಾತ್ರ ಟಿಕೆಟ್ ತೆಗೆಸುವ ಮೊದಲೇ ವೈದ್ಯರನ್ನು ಕಾಣಬೇಕು. ಕೆಲವರಿಗೆ ಅಳತೆಗೆ ತಕ್ಕ ಬಿಗಿ ಕಾಲುಚೀಲ, ಕೆಲವರಿಗೆ ಇಂಜೆಕ್ಷನ್ ಬೇಕಾಗುತ್ತದೆ. ಪಕ್ಕದ ಮನೆಯವರು ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ.

ಉಳಿದವರು ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆಯಿರಿ. ಗಂಟೆ, ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕೂತಲ್ಲೇ ಹಿಮ್ಮಡಿಯನ್ನೂ ಬೆರಳುಗಳನ್ನೂ ಸರದಿಯಲ್ಲಿ ಎತ್ತಿ ಇಳಿಸಿ. ಚೀಲವನ್ನು ಕಾಲ ಬಳಿ ತುರುಕಬೇಡಿ. ನಿದ್ದೆ ಮಾತ್ರೆ ನುಂಗಿ ಒಂದೇ ಭಂಗಿಯಲ್ಲಿ ಮಲಗುವುದು ಸಲ್ಲ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ಶೌಚಾಲಯಕ್ಕೆ ಏಳಬೇಕಲ್ಲ ಎಂಬ ಸಂಕೋಚದಿಂದ ನೀರನ್ನೇ ಕುಡಿಯುವುದಿಲ್ಲ. ಕುಡಿಯಿರಿ, ಆ ನೆಪದಲ್ಲಾದರೂ ನಾಲ್ಕು ಹೆಜ್ಜೆ ನಡೆದಂತಾಗುತ್ತದೆ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಯಾವ ಹೊತ್ತಿಗೆ ಎಷ್ಟು ತೆಗೆದುಕೊಳ್ಳಬೇಕೆಂದು ಮೊದಲೇ ಬರೆಸಿಕೊಳ್ಳಿ.

ಊರು ಸೇರಿದ ಮೇಲೆ ಎರಡೂ ಪಾದ ತುಸು ಊದಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಪ್ರಯಾಣ ಮುಗಿದು ಕೆಲವು ವಾರ ಕಳೆದಿದ್ದರೂ ಸರಿ, ಆಯಾಸವೆಂದು ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದದ್ದನ್ನು ಮೊದಲು ಹೇಳಿ.