ಹಳೇದಾದ್ರೆ ಅಪಾಯ ಹೋಯ್ತಾ? ಮಾಯಾಪುರಿಯ ಲೆಕ್ಕ

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ವಿಕಿರಣಕ್ಕೆ ಸಿಕ್ಕಿ ಒಬ್ಬ ಕಾರ್ಮಿಕ ಸತ್ತ, ಹಲವರು ಆಸ್ಪತ್ರೆ ಸೇರಿದರು. ಕಾರಣ, ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೇ ಯಂತ್ರದೊಳಗಿದ್ದ ಕೋಬಾಲ್ಟ್-60. ‘ಅಷ್ಟು ಹಳೇದ್ರಲ್ಲಿ ಇನ್ನೇನಿರುತ್ತೆ?’ ಅಂತ ನೀವು ಕೇಳಬಹುದು. ಇಂಜಿನಿಯರಿಂಗ್ ಓದಿದ ನಾನು ಲೆಕ್ಕ ಹಾಕಿ ತೋರಿಸ್ತೀನಿ.

1 ಕ್ಯೂರಿ ಕೋಬಾಲ್ಟ್‌ನಲ್ಲಿ ಸೆಕೆಂಡಿಗೆ 3,700 ಕೋಟಿ ಪರಮಾಣುಗಳು ಕ್ಷಯಿಸುತ್ತವೆ. ಪ್ರತಿಯೊಂದರಿಂದ 2 ಗಾಮಾ ಕಿರಣ ಹೊರಟು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. 1 ಮೀಟರ್ ದೂರದಲ್ಲಿ ಅವು ಹರಡಿಕೊಳ್ಳುವ ಗೋಳದ ಮೇಲ್ಮೈ ಸುಮಾರು 1.26 ಲಕ್ಷ ಚದರ ಸೆಂಟಿಮೀಟರ್. ಭಾಗಿಸಿದರೆ, ತಡೆ ಏನೂ ಇಲ್ಲದಿದ್ದಾಗ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 5.9 ಲಕ್ಷ ಕಿರಣ. ಇದೇ ಫ್ಲಕ್ಸ್. 10 ಮೀಟರ್ ದೂರ ಹೋದ್ರೆ ಅದು ನೂರರಲ್ಲೊಂದು ಪಾಲು. 10 ಸೆಂಟಿಮೀಟರಿಗೆ ಬಂದ್ರೆ ನೂರು ಪಟ್ಟು, ಅಂದರೆ 5.9 ಕೋಟಿ. ಕೈಯಲ್ಲೇ ಹಿಡಿದವನ ಗತಿ?

ಡಿಟೆಕ್ಟರ್ ತನಗೆ ತಾಗಿದ್ದೆಲ್ಲವನ್ನೂ ಎಣಿಸಲ್ಲ. ನೂರಕ್ಕೆ ಒಂದನ್ನಷ್ಟೇ ಹಿಡಿಯುವಂಥದ್ದಾದರೆ, ಅದು ತೋರಿಸಿದ ಎಣಿಕೆಯನ್ನು ನೂರರಿಂದ ಗುಣಿಸಬೇಕು.

ಇನ್ನು ವಯಸ್ಸು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. 40 ವರ್ಷಕ್ಕೆ ಉಳಿಯೋದು ಹೆಚ್ಚುಕಮ್ಮಿ ಇನ್ನೂರರಲ್ಲೊಂದು ಪಾಲು. ಕಮ್ಮಿ ಅನಿಸುತ್ತೆ, ಅಲ್ವಾ? ಆದರೆ ಇಂಥ ಯಂತ್ರಗಳು ಶುರುವಾಗೋದೇ ಸಾವಿರಾರು ಕ್ಯೂರಿಯಿಂದ. 4,000 ಇದ್ದಿದ್ದರೆ 20 ಉಳಿಯುತ್ತೆ. ಮೇಲಿನ ಲೆಕ್ಕವನ್ನು 20ರಿಂದ ಗುಣಿಸಿ ನೋಡಿ.

ಇದು ಪದವಿ ತರಗತಿಯ ಪಾಠ. ಹರಾಜಿಗೆ ಮೊದಲು ಯಾರಾದರೂ ಐದು ನಿಮಿಷ ಕೂತು ಈ ಲೆಕ್ಕ ಮಾಡಬೇಕಿತ್ತು. ಅದರ ಬೆಲೆ ತೆತ್ತಿದ್ದು, ಆ ಪಾಠ ಯಾರೂ ಹೇಳಿಕೊಡದ ಗುಜರಿ ಕಾರ್ಮಿಕ.