ಮಧುಮೇಹದ ಹೊಸ್ತಿಲಲ್ಲಿ ಇರುವವರಿಗೆ



ಬೆಳೆಗೆ ಯೂರಿಯಾ ಒಂದನ್ನೇ ಸುರಿದರೆ ಪೈರು ಸೊಕ್ಕಿ ನೆಲಕ್ಕೊರಗುತ್ತದೆ. ಶರೀರದ ವಿಷಯವೂ ಹಾಗೆಯೇ. ಹಲವು ಬೇನೆಗಳು ಕೂಡಿರುವಾಗ ಒಂದನ್ನಷ್ಟೇ ನೋಡಿದರೆ ಇನ್ನೊಂದು ಕೆರಳುತ್ತದೆ.

ನನ್ನ ಸೋದರಮಾವ ಖಾನಾಪುರದ ಭತ್ತದ ಗದ್ದೆ ಬಿಟ್ಟು ಬೆಳಗಾವಿಯ ರಾಮತೀರ್ಥ ನಗರಕ್ಕೆ ಬಂದರು. ದುಡಿಮೆ ನಿಂತಿತು, ಮೂರು ಹೊತ್ತಿನ ಅನ್ನ ನಿಲ್ಲಲಿಲ್ಲ. ರಕ್ತದೊತ್ತಡ, ಮಂಡಿನೋವು ಮೊದಲೇ ಇದ್ದವು. ಕಳೆದ ವರ್ಷ ಬರಿಹೊಟ್ಟೆಯ ಪರೀಕ್ಷೆಯಲ್ಲಿ ಸಕ್ಕರೆ 112 ಬಂದಿತು. 100ರಿಂದ 125ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಅವರು ಸಿಹಿ ಬಿಟ್ಟರು. ಆದರೆ ಅಂಗಡಿಯಿಂದ ತಂದ ನೋವಿನ ಗುಳಿಗೆ ಬಿಡಲಿಲ್ಲ. ಇಂಥ ಗುಳಿಗೆಗಳು ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಅವರಿಗೆ ಎರಡೂ ಆದವು.

ಹೊಸ್ತಿಲಿನಿಂದ ಹಿಂದೆ ಸರಿಯಬಹುದು. 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಊಟ, ನಡಿಗೆ ತಿದ್ದಿಕೊಂಡವರಿಗೆ ಮಧುಮೇಹ ಬರುವ ಸಂಭವ ಶೇ. 28ರಷ್ಟು ತಗ್ಗಿತು.

ಅನುಸರಿಸಬೇಕಾದ ಕ್ರಮಗಳು:

1. ಅನ್ನವನ್ನು ಅರ್ಧಕ್ಕಿಳಿಸಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಹೆಚ್ಚಿಸಿರಿ. ನವಣೆ, ರಾಗಿಯಲ್ಲೂ ಪಿಷ್ಟವಿದೆ, ಅಳತೆ ಮೀರಬಾರದು.

2. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಬೇಕು.

3. ಮೂತ್ರಪಿಂಡದ ತೊಂದರೆ ಇದ್ದವರು ಬೇಳೆಕಾಳು ಎಷ್ಟೆಂದು ವೈದ್ಯರನ್ನು ಕೇಳಬೇಕು.

4. ಮಂಡಿ ನೋಯುವವರು ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯಬಹುದು.

5. ಎಲ್ಲ ಬೇನೆ, ಎಲ್ಲ ಗುಳಿಗೆಗಳನ್ನು ಒಂದೇ ಪುಸ್ತಕದಲ್ಲಿ ಬರೆದು ಪ್ರತಿ ವೈದ್ಯರಿಗೂ ತೋರಿಸಿರಿ.

ಮಣ್ಣು ಪರೀಕ್ಷೆ ಮಾಡಿಸುವ ನಾವು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸೋಣ.