ಇಳಿಜಾರಿನ ಮೆಕ್ಕೆಜೋಳದಲ್ಲಿ ಕಳೆ: ತಪ್ಪು ಕಲ್ಪನೆ ಮತ್ತು ಸತ್ಯ

ಸಂಡೂರಿನ ನಾರಿಹಳ್ಳ ಕಣಿವೆಯ ಕೆಂಪು ಮಣ್ಣಿನ ಇಳಿಜಾರುಗಳಲ್ಲಿಯೂ ಹೊಸಪೇಟೆಯ ಗುಡ್ಡದಂಚಿನ ಹೊಲಗಳಲ್ಲಿಯೂ ಮುಂಗಾರಿನ ಮೆಕ್ಕೆಜೋಳವು ಮಳೆಯನ್ನೇ ನಂಬಿ ಬೆಳೆಯುವುದರಿಂದ, ಅಲ್ಲಿ ಕಳೆಯ ಪ್ರಶ್ನೆಯು ಮಣ್ಣು ಮತ್ತು ತೇವದ ಪ್ರಶ್ನೆಯಿಂದ ಬೇರೆಯಾದುದಲ್ಲ.

ಆಳೆತ್ತರ ಬೆಳೆಯುವ ಮೆಕ್ಕೆಜೋಳವು ಕಳೆಯನ್ನು ತಾನೇ ಮೀರಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಮೊದಲ ಮೂರು ನಾಲ್ಕು ವಾರ ಈ ಬೆಳೆಯ ಬೆಳವಣಿಗೆ ನಿಧಾನವಾಗಿದ್ದು, ಸುಮಾರು 60 ಸೆಂಟಿಮೀಟರ್ ಅಂತರದ ಸಾಲುಗಳ ನಡುವಿನ ನೆಲಕ್ಕೆ ಬಿಸಿಲು ನೇರವಾಗಿ ಬೀಳುವುದರಿಂದ, ಬಿತ್ತನೆಯ ನಂತರದ 15ರಿಂದ 45ನೆಯ ದಿನದವರೆಗಿನ ಅವಧಿಯೇ ಇಳುವರಿಯನ್ನು ನಿರ್ಧರಿಸುತ್ತದೆ. ಇದನ್ನು ಕಳೆ ಸ್ಪರ್ಧೆಯ ನಿರ್ಣಾಯಕ ಕಾಲವೆನ್ನುತ್ತಾರೆ. ಎಲೆಗಳು ಸಾಲನ್ನು ಮುಚ್ಚಿದ ಮೇಲೆ ಕೂಲಿ ಕೊಟ್ಟು ಕಳೆ ತೆಗೆಸಿದರೆ ಹೊಲ ಚೊಕ್ಕಟವಾಗಿ ಕಾಣುತ್ತದೆಯೇ ಹೊರತು ಕಳೆದುಹೋದ ಇಳುವರಿ ಮರಳುವುದಿಲ್ಲ. ಕಾಂಗ್ರೆಸ್ ಕಸವೆಂದು ಕರೆಯಲಾಗುವ ಪಾರ್ಥೇನಿಯಂ ಇದಕ್ಕೆ ಅಪವಾದ: ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ, ತಡವಾದರೂ ಸರಿ, ಹೂ ಬಿಡುವ ಮೊದಲು ಅದನ್ನು ಕೀಳಲೇಬೇಕು.

ಅಟ್ರಾಜಿನ್ ಎಂಬ ಕಳೆನಾಶಕವನ್ನು ಯಾವಾಗ ಸಿಂಪಡಿಸಿದರೂ ನಡೆಯುತ್ತದೆ, ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬುದು ಇನ್ನೂ ದುಬಾರಿಯಾದ ತಪ್ಪು. ಮುಖ್ಯವಾಗಿ ಬೇರಿನ ಮೂಲಕ ಒಳಸೇರಿ ಎಲೆಯ ದ್ಯುತಿಸಂಶ್ಲೇಷಣೆಯನ್ನು, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಯನ್ನು, ತಡೆಯುವ ಈ ರಾಸಾಯನಿಕವನ್ನು ಮೆಕ್ಕೆಜೋಳವು ತನ್ನೊಳಗೇ ನಿರ್ವಿಷಗೊಳಿಸಿಕೊಳ್ಳುತ್ತದೆ. ಎಳೆಯ ಕಳೆಗಳಲ್ಲಿ ಹೆಚ್ಚಿನವುಗಳಿಗೆ ಆ ಶಕ್ತಿಯಿಲ್ಲ. ಆದುದರಿಂದ ಬಿತ್ತಿದ ಎರಡು ಮೂರು ದಿನಗಳೊಳಗೆ, ನೆಲದಲ್ಲಿ ಹದವಿರುವಾಗಲೇ, ಅದನ್ನು ಸಿಂಪಡಿಸಬೇಕು. ಜೇಡಿ ಮತ್ತು ಸಾವಯವ ಅಂಶವು ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎರೆ ಭೂಮಿಗೆ ಬೇಕಾದ ಪ್ರಮಾಣವು ಸಂಡೂರಿನ ಕಲ್ಲು ಬೆರೆತ ಹಗುರ ಮಣ್ಣಿಗೆ ಬೇಕಿಲ್ಲ, ಮತ್ತು ಇಳಿಜಾರಿನಲ್ಲಿ ಬಿರುಮಳೆಗೆ ಸಿಕ್ಕಿದ ಹೆಚ್ಚುವರಿ ಔಷಧ ಹಳ್ಳ ಸೇರುತ್ತದೆ. ತೊಗರಿಯನ್ನು ಅಕ್ಕಡಿಯಾಗಿ ಬಿತ್ತಿದ ಹೊಲದಲ್ಲಿ ಅಟ್ರಾಜಿನ್ ತೊಗರಿಯನ್ನೇ ಕೊಲ್ಲುತ್ತದೆ. ಅಲ್ಲಿ ಪೆಂಡಿಮೆಥಾಲಿನ್ ಬಳಸುವುದು ರೂಢಿ.

ಎಡೆಕುಂಟೆಯನ್ನು ಯಾವ ದಿಕ್ಕಿಗೆ ಹೊಡೆದರೂ ಕಳೆ ಸಾಯುತ್ತದೆ ಎಂಬುದು ಸಮತಟ್ಟು ನೆಲದ ಮಾತು. ಇಳಿಜಾರಿನ ಗುಂಟ ಹೊಡೆದ ಕುಂಟೆಯ ಗೆರೆ ಒಂದೇ ಜೋರು ಮಳೆಗೆ ಕೊರಕಲಾಗಿ ಮೇಲ್ಮಣ್ಣನ್ನು ಕೊಂಡೊಯ್ಯುವುದರಿಂದ, ಬಿತ್ತನೆಯೂ ಎಡೆಯೂ ಇಳಿಜಾರಿಗೆ ಅಡ್ಡಲಾಗಿಯೇ ಇರಬೇಕು. ಬೀಜಗಟ್ಟದ ಕಳೆಯನ್ನು ಕಿತ್ತು ಸಾಲಿನ ನಡುವೆ ಹೊದಿಕೆಯಾಗಿ ಹರಡಿದರೆ ತೇವವೂ ಉಳಿಯುತ್ತದೆ. ಬದುವಿನ ಹುಲ್ಲನ್ನು ಬೇರುಸಹಿತ ಕೆರೆಯುವುದು ಕಳೆ ನಿರ್ವಹಣೆಯಲ್ಲ, ಬದುವನ್ನು ಕೆಡಿಸುವ ಕೆಲಸ.

ಉಳುಮೆಯಿಂದ ಜೇಕು ನಾಶವಾಗುತ್ತದೆ ಎಂಬ ಮಾತು ಕಂಪ್ಲಿಯ ಕಾಲುವೆ ನೀರಾವರಿಯ ಹೊಲಗಳಿಗೂ ಅನ್ವಯಿಸುವುದಿಲ್ಲ. ಜೇಕು ನೆಲದೊಳಗಿನ ಗೆಡ್ಡೆಗಳಿಂದ ಹಬ್ಬುವ ಕಳೆಯಾದ್ದರಿಂದ, ತೇವವಿರುವಾಗ ಉತ್ತರೆ ಗೆಡ್ಡೆಗಳ ಸರಪಣಿ ತುಂಡಾಗಿ ಪ್ರತಿ ತುಂಡೂ ಮೊಳೆಯುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಆಳವಾಗಿ ಉತ್ತು ಗೆಡ್ಡೆಗಳನ್ನು ಒಣಗಲು ಬಿಟ್ಟರೆ ಮಾತ್ರ ಅದು ಕುಗ್ಗುತ್ತದೆ. ಅಟ್ರಾಜಿನ್‌ಗೆ ಜಗ್ಗದ ಈ ಕಳೆ ಬೆಳೆಯ ನಡುವೆ ತಲೆಯೆತ್ತಿದಾಗ ಹ್ಯಾಲೊಸಲ್ಫ್ಯೂರಾನ್ ಬಳಸಬಹುದು.